ದವಡೆ ಹಲ್ಲಿಗೆ ರೂಟ್ ಕೆನಾಲ್ ಹೇಳಿದ್ದಾರೆ, ಮಾಡಿಸಿಕೊಂಡವರು ದಯವಿಟ್ಟು ತಿಳಿಸಿ

ಭದ್ರೆಯ_ದಂಡೆ | ಸೋಮವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನನಗೆ 36 ವರ್ಷ, ಪ್ರೈಮರಿ ಶಾಲೆಯಲ್ಲಿ ಟೀಚರ್. ಬಲಗಡೆ ಕೆಳಗಿನ ದವಡೆ ಹಲ್ಲು ಎರಡು ತಿಂಗಳಿಂದ ಕಾಟ ಕೊಡುತ್ತಿದೆ. ಮೊದಲು ತಣ್ಣೀರು ತಾಗಿದರೆ ಜುಮ್ ಅನ್ನುತ್ತಿತ್ತು. ನುಂಗಿದ ಕೂಡಲೇ ಹೋಗುತ್ತಿತ್ತು. ಅಷ್ಟೇ ಅಲ್ವಾ ಅಂತ ಬಿಟ್ಟೆ. ಈಗ ಹತ್ತು ದಿನದಿಂದ ಕಥೆಯೇ ಬೇರೆ. ಬಿಸಿ ಕಾಫಿ ಕುಡಿದರೆ ನೋವು ಶುರುವಾಗಿ ಅರ್ಧ ಗಂಟೆ ಬಿಡುವುದಿಲ್ಲ. ರಾತ್ರಿ ಮಲಗಿದರೆ ಇನ್ನೂ ಜಾಸ್ತಿ, ಕಿವಿವರೆಗೂ ಎಳೆಯುತ್ತದೆ. ಎದ್ದು ಕೂತರೆ ಸ್ವಲ್ಪ ಕಡಿಮೆ. ನಿನ್ನೆ ಎರಡು ಗಂಟೆಗೆ ಎದ್ದವಳು ಬೆಳಗಿನವರೆಗೆ ದಿಂಬು ಒರಗಿಸಿಕೊಂಡು ಕೂತಿದ್ದೆ.

ಮೆಡಿಕಲ್ ಶಾಪ್‌ನಲ್ಲಿ ಮಾತ್ರೆ ಕೊಟ್ಟರು. ಮೂರು ದಿನ ಹಗುರಾಯಿತು, ಮತ್ತೆ ಅದೇ. ಇವತ್ತು ಡೆಂಟಿಸ್ಟ್ ಹತ್ತಿರ ಹೋದೆ. ಎಕ್ಸ್-ರೇ ತೆಗೆದು, ಹುಳುಕು ನರಕ್ಕೆ ಮುಟ್ಟಿದೆ, ರೂಟ್ ಕೆನಾಲ್ ಮಾಡಬೇಕು, ಮೂರು ಸಿಟ್ಟಿಂಗ್ ಆಗುತ್ತದೆ, ಆಮೇಲೆ ಕ್ಯಾಪ್ ಹಾಕಬೇಕು ಅಂದರು.

ಅಮ್ಮ ಹೇಳುವುದು ಕಿತ್ತಾಕಿಸಿಬಿಡು ಅಂತ. "ನನ್ನದು ನಾಲ್ಕು ಹೋಗಿದೆ, ನಾನು ಊಟ ಮಾಡ್ತಿಲ್ವಾ?" ಅನ್ನುತ್ತಾರೆ. ಮಾವನವರು ಹಲ್ಲು ಕಿತ್ತರೆ ಕಣ್ಣಿಗೆ ತೊಂದರೆ, ಬೇಡ ಅನ್ನುತ್ತಾರೆ. ನನಗೆ ಭಯ ಇರುವುದು ನೋವಿನದು. ನಿಜವಾಗಿ ಎಷ್ಟು ನೋವಾಗುತ್ತದೆ? ಯಾಕೆ ಮೂರು ಸಲ ಹೋಗಬೇಕು? ನೋವು ಹೋದ ಮೇಲೂ ಕ್ಯಾಪ್ ಹಾಕಿಸಲೇಬೇಕಾ? ಗುರುವಾರ ಮೊದಲ ಸಿಟ್ಟಿಂಗ್.

---

ಅಡಿಕೆತೋಟ | ಸೋಮವಾರ, ರಾತ್ರಿ 11:05

ಮೇಡಂ, ನಾನು ಎರಡು ವರ್ಷದ ಹಿಂದೆ ಮಾಡಿಸಿಕೊಂಡೆ. ಇಂಜೆಕ್ಷನ್ ಚುಚ್ಚುವಾಗ ಇರುವೆ ಕಚ್ಚಿದ ಹಾಗೆ, ಅಷ್ಟೇ. ಹತ್ತು ನಿಮಿಷಕ್ಕೆ ತುಟಿ, ನಾಲಿಗೆಯ ಅರ್ಧ ಭಾಗ ಮರಗಟ್ಟಿತು. ಆಮೇಲೆ ಗೊತ್ತಾಗಿದ್ದು ಯಂತ್ರದ ಸದ್ದು, ನೀರು, ಒತ್ತಿದ ಅನುಭವ. ನೋವಲ್ಲ. ನಿಜವಾಗಿ ಕಷ್ಟ ಆಗಿದ್ದು ಒಂದು ಗಂಟೆ ಬಾಯಿ ತೆರೆದಿಟ್ಟುಕೊಳ್ಳುವುದು. ದವಡೆಯ ಕೀಲು ಎರಡು ದಿನ ನೋಯುತ್ತಿತ್ತು.

ಹೊಟ್ಟೆ ತುಂಬ ತಿಂದು ಹೋಗಿ. ಮರಗಟ್ಟಿದ್ದು ಬಿಡಲು ನನಗೆ ಮೂರು ಗಂಟೆ ಹಿಡಿಯಿತು. ಅಲ್ಲಿಯವರೆಗೆ ಏನೂ ತಿನ್ನಬೇಡಿ, ತುಟಿ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ.

---

ರಾಗಿಮುದ್ದೆ_ತುಮಕೂರು | ಮಂಗಳವಾರ, ಬೆಳಿಗ್ಗೆ 6:50

ಯಾರಿಗೂ ನೋವಾಗುವುದಿಲ್ಲ ಅಂತ ಹೇಳುವುದು ಸರಿಯಲ್ಲ. ನನಗೆ ಆಯಿತು. ನನ್ನದೂ ಕೆಳಗಿನ ದವಡೆ ಹಲ್ಲೇ. ತುಟಿ ಪೂರ್ತಿ ಮರಗಟ್ಟಿತ್ತು, ಆದರೂ ಡ್ರಿಲ್ ಒಳಗೆ ಹೋದಾಗ ಕುರ್ಚಿಯಿಂದ ಎದ್ದುಬಿಟ್ಟೆ. ಇನ್ನೂ ಎರಡು ಇಂಜೆಕ್ಷನ್ ಕೊಟ್ಟ ಮೇಲೆ ಸರಿಹೋಯಿತು. ಭಯ ಹುಟ್ಟಿಸಲು ಹೇಳುತ್ತಿಲ್ಲ. ನೋವಾದರೆ ಹಲ್ಲು ಕಚ್ಚಿಕೊಂಡು ಸಹಿಸಬೇಡಿ, ಎಡಗೈ ಎತ್ತಿ. ಡಾಕ್ಟರ್ ನಿಲ್ಲಿಸುತ್ತಾರೆ.

---

ಬೇರು_ನಾಳ | ಮಂಗಳವಾರ, ಮಧ್ಯಾಹ್ನ 2:15

ನಾನು ಹಲ್ಲಿನ ಡಾಕ್ಟರ್. ರೂಟ್ ಕೆನಾಲ್‌ನಲ್ಲೇ ಎಂಡಿಎಸ್, ಅಂದರೆ ಸ್ನಾತಕೋತ್ತರ ಪದವಿ, ಮಾಡಿದವನು, ದಿನಾ ಮಾಡುವ ಕೆಲಸವೇ ಇದು. ಮೇಡಂ, ನಿಮ್ಮ ಬಾಯಿ ನಾನು ನೋಡಿಲ್ಲ. ಆದರೆ ನೀವು ಬರೆದ ಲಕ್ಷಣಗಳು ಬಹಳ ಸ್ಪಷ್ಟ ಇವೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಹಲ್ಲು ಗಟ್ಟಿ ಕಲ್ಲಲ್ಲ. ಹೊರಗೆ ಎನಾಮಲ್, ಅದರೊಳಗೆ ಡೆಂಟಿನ್, ನಡುವೆ ಒಂದು ಪುಟ್ಟ ಕೋಣೆ. ಆ ಕೋಣೆಯಲ್ಲಿ ಮೆತ್ತಗಿನ ಜೀವಭಾಗ, ಅಂದರೆ ನರ ಮತ್ತು ರಕ್ತನಾಳ. ಅದು ಬೇರುಗಳ ಒಳಗಿನ ಸಣ್ಣ ನಾಳಗಳಲ್ಲಿ ಇಳಿದು ಮೂಳೆಗೆ ಸೇರುತ್ತದೆ. ಹುಳುಕು ಆ ಕೋಣೆಯ ಹತ್ತಿರ ಬಂದಾಗ ಒಳಗೆ ಉರಿಯೂತ ಶುರು. ಕೈಗೆ ಪೆಟ್ಟಾದರೆ ಕೈ ಊದುತ್ತದೆ, ಊದಲು ಜಾಗ ಇದೆ. ಹಲ್ಲಿನೊಳಗೆ ಊದಲು ಜಾಗವೇ ಇಲ್ಲ. ಸುತ್ತಲೂ ಗಟ್ಟಿ ಗೋಡೆ. ಒತ್ತಡ ಏರುತ್ತದೆ. ಮಲಗಿದಾಗ ತಲೆಗೆ ರಕ್ತ ಜಾಸ್ತಿ ಬರುತ್ತದೆ, ಅದಕ್ಕೇ ನಿಮಗೆ ರಾತ್ರಿ ನೋವು ಹೆಚ್ಚು.

ತಣ್ಣೀರಿಗೆ ಜುಮ್ ಅಂದು ಕೂಡಲೇ ನಿಂತರೆ ಆ ನರ ಇನ್ನೂ ಚೇತರಿಸಿಕೊಳ್ಳಬಹುದು. ಹುಳುಕು ತೆಗೆದು ಸಿಮೆಂಟ್ ತುಂಬಿದರೆ ಎಷ್ಟೋ ಸಲ ಸಾಕು. ಬಿಸಿಗೆ ಶುರುವಾಗಿ ಅರ್ಧ ಗಂಟೆ ಬಿಡದ ನೋವು, ತಾನಾಗಿ ಬರುವ ನೋವು, ನಿದ್ದೆಯಿಂದ ಎಬ್ಬಿಸುವ ನೋವು ಅಂದರೆ ಸಾಮಾನ್ಯವಾಗಿ ಆ ಘಟ್ಟ ದಾಟಿದೆ ಅಂತ ಅರ್ಥ. ನೀವು ಎರಡು ತಿಂಗಳ ಹಿಂದೆ ಬಂದಿದ್ದರೆ ಬಹುಶಃ ಬರೀ ಫಿಲ್ಲಿಂಗ್‌ನಲ್ಲಿ ಮುಗಿಯುತ್ತಿತ್ತು. ಬೈಯಲು ಹೇಳುತ್ತಿಲ್ಲ. ಇದನ್ನು ಓದುತ್ತಿರುವ ಬೇರೆಯವರಿಗಾಗಿ ಹೇಳುತ್ತಿದ್ದೇನೆ.

ಮಾತ್ರೆಯ ವಿಷಯ. ಮೆಡಿಕಲ್ ಶಾಪ್‌ನಲ್ಲಿ ನೋವಿನ ಮಾತ್ರೆ ಜೊತೆ ಆ್ಯಂಟಿಬಯಾಟಿಕ್ ಕೂಡ ಕೊಟ್ಟಿರುತ್ತಾರೆ. ನಿಮ್ಮ ಥರದ ನರದ ನೋವಿಗೆ ಆ್ಯಂಟಿಬಯಾಟಿಕ್‌ನಿಂದ ಲಾಭ ಇಲ್ಲ. ಅಮೆರಿಕದ ದಂತ ವೈದ್ಯರ ಸಂಘ 2019ರಲ್ಲಿ ಇದನ್ನೇ ಮಾರ್ಗಸೂಚಿಯಾಗಿ ಹೇಳಿತು. ಆರೋಗ್ಯವಂತ ದೊಡ್ಡವರಿಗೆ, ಜ್ವರ, ಹರಡುವ ಊತ ಇಲ್ಲದಿದ್ದಾಗ, ಆ್ಯಂಟಿಬಯಾಟಿಕ್ ಅಲ್ಲ, ಹಲ್ಲಿಗೇ ಚಿಕಿತ್ಸೆ ಬೇಕು. ಇನ್ನೊಂದು ಮಾತು. ಹಲವರಿಗೆ ನೋವು ತಾನಾಗಿಯೇ ನಿಂತುಬಿಡುತ್ತದೆ. ವಾಸಿಯಾಯಿತು ಅಂದುಕೊಳ್ಳುತ್ತಾರೆ. ನರ ಸತ್ತಿರುತ್ತದೆ, ಅಷ್ಟೇ. ಮುಂದೆ ಕೀವು ಬೇರಿನ ತುದಿಯಲ್ಲಿ ಸೇರಿಕೊಳ್ಳುತ್ತದೆ. ಒಸಡಿನ ಮೇಲೆ ಸಣ್ಣ ಗುಳ್ಳೆ ಬರುತ್ತದೆ, ಒಡೆಯುತ್ತದೆ, ಮತ್ತೆ ಬರುತ್ತದೆ. ನೋವೇ ಇರುವುದಿಲ್ಲ. ಒಳಗೆ ಮೂಳೆ ಕರಗುತ್ತಿರುತ್ತದೆ.

ಈಗ ಗುರುವಾರ ಏನಾಗುತ್ತದೆ ಅಂತ ಹೇಳುತ್ತೇನೆ. ಇಂಜೆಕ್ಷನ್ ಕೊಡುತ್ತಾರೆ. ತುಮಕೂರಿನವರು ಹೇಳಿದ್ದು ನಿಜ. ಉರಿಯೂತ ಜೋರಾಗಿರುವ ಕೆಳದವಡೆ ಹಲ್ಲು ಮರಗಟ್ಟಿಸಲು ಬಹಳ ಹಠಮಾರಿ. ತುಟಿ ಮರಗಟ್ಟಿದರೂ ಹಲ್ಲು ಎಚ್ಚರವಾಗಿರಬಹುದು. ಅದಕ್ಕೆ ಹಲ್ಲಿನ ಪಕ್ಕದಲ್ಲಿ, ಬೇಕಾದರೆ ನರದ ಕೋಣೆಗೇ ಇನ್ನೊಂದು ಇಂಜೆಕ್ಷನ್ ಕೊಡುತ್ತಾರೆ. ಕೋಣೆಗೆ ಕೊಡುವುದು ಒಂದೆರಡು ಸೆಕೆಂಡ್ ಚುರುಕ್ ಅನ್ನುತ್ತದೆ, ಆಮೇಲೆ ನಿಶ್ಶಬ್ದ. ಕೈ ಎತ್ತುವ ಒಪ್ಪಂದ ಮೊದಲೇ ಮಾಡಿಕೊಳ್ಳಿ.

ಆಮೇಲೆ ಹಲ್ಲಿಗೆ ಒಂದು ತೆಳ್ಳನೆಯ ರಬ್ಬರ್ ಹಾಳೆ ಕಟ್ಟಬೇಕು. ರಬ್ಬರ್ ಡ್ಯಾಮ್ ಅನ್ನುತ್ತೇವೆ. ಎಂಜಲು ಹಲ್ಲಿನೊಳಗೆ ಹೋಗದಂತೆ, ಸಣ್ಣ ಸೂಜಿ, ಔಷಧಿ ನಿಮ್ಮ ಗಂಟಲಿಗೆ ಬೀಳದಂತೆ ಅದು ಕಾಯುತ್ತದೆ. "ಡಾಕ್ಟ್ರೇ, ರಬ್ಬರ್ ಹಾಕ್ತೀರಾ?" ಅಂತ ಕೇಳಿ. ಯಾರೂ ತಪ್ಪು ತಿಳಿಯಬಾರದು, ಕೇಳುವುದು ನಿಮ್ಮ ಹಕ್ಕು.

ಹಲ್ಲಿನ ಮೇಲೆ ಸಣ್ಣ ತೂತು ಮಾಡಿ ನಾಳಗಳ ಬಾಯಿ ಹುಡುಕುತ್ತಾರೆ. ನಿಮ್ಮ ಆ ಹಲ್ಲು ಮೊದಲನೇ ದೊಡ್ಡ ದವಡೆ ಹಲ್ಲಾದರೆ ಸಾಮಾನ್ಯವಾಗಿ ಎರಡು ಬೇರು, ಮೂರು ನಾಳ. ಕೆಲವರಿಗೆ ನಾಲ್ಕು. ಬಾಯಿಯ ಮುಂಭಾಗದ ಹಲ್ಲಿಗೆ ಹೆಚ್ಚಾಗಿ ಒಂದೇ ನಾಳ, ಅದಕ್ಕೇ ಅದು ಬೇಗ ಮುಗಿಯುತ್ತದೆ, ಫೀಸೂ ಕಡಿಮೆ. ತುಟಿಗೆ ಒಂದು ಕ್ಲಿಪ್ ಸಿಕ್ಕಿಸುತ್ತಾರೆ, ಪುಟ್ಟ ಯಂತ್ರ ಬೀಪ್ ಬೀಪ್ ಅನ್ನುತ್ತದೆ. ನಾಳ ಎಷ್ಟು ಉದ್ದ ಇದೆ ಅಂತ ಅಳೆಯುವುದು ಅದು. ಫೈಲ್ ಅನ್ನುವ ಕೂದಲೆಳೆಯಷ್ಟು ಸಣ್ಣ ಅರಗಳಿಂದ ಒಳಗೋಡೆ ಉಜ್ಜುತ್ತಾರೆ. ಪ್ರತಿ ಸಲ ಉಜ್ಜಿದಾಗಲೂ ಔಷಧಿ ನೀರಿನಿಂದ ತೊಳೆಯುತ್ತಾರೆ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನ ನೀರಿಗೆ ಬರುವ ವಾಸನೆ ಬರುತ್ತದೆ, ಗಾಬರಿ ಬೇಡ. ನನ್ನ ಪ್ರಕಾರ ಇಡೀ ಚಿಕಿತ್ಸೆಯ ಜೀವ ಈ ತೊಳೆಯುವುದರಲ್ಲೇ ಇದೆ. ಅರ ಮುಟ್ಟದ ಸಂದಿಗಳನ್ನು ಈ ನೀರು ಮುಟ್ಟುತ್ತದೆ.

ಕೊನೆಗೆ ಖಾಲಿ ನಾಳಕ್ಕೆ ಗಟಾಪರ್ಚಾ ತುಂಬುತ್ತಾರೆ. ಮಲಯಾ ಕಡೆಯ ಮರದ ಹಾಲಿನಿಂದ ಬರುವ ರಬ್ಬರಿನಂಥ ವಸ್ತು. ಟೀಚರ್ ಅಂದಿರಿ, ಮಕ್ಕಳಿಗೆ ಹೇಳಲು ಚೆನ್ನಾಗಿರುತ್ತದೆ: 19ನೇ ಶತಮಾನದಲ್ಲಿ ಸಮುದ್ರದಡಿ ಹಾಕಿದ ತಂತಿ ಕೇಬಲ್‌ಗಳಿಗೆ ಸುತ್ತಿದ್ದು ಇದನ್ನೇ.

ಇದೆಲ್ಲ ಒಂದೇ ಸಲ ಮುಗಿಸಬಹುದು, ಎರಡು ಮೂರು ಸಲವೂ ಮಾಡಬಹುದು. ಕೀವು ಸೋರುತ್ತಿದ್ದರೆ, ನಾಳ ವಕ್ರವಾಗಿದ್ದರೆ, ನಿಮಗೆ ಬಾಯಿ ತೆರೆದು ಸಾಕಾದರೆ ನಡುವೆ ಔಷಧಿ ಇಟ್ಟು ಮುಚ್ಚಿ ಕಳಿಸುತ್ತಾರೆ. ಸಿಟ್ಟಿಂಗ್ ಜಾಸ್ತಿ ಆದರೆ ಒಳ್ಳೆಯದು ಅಂತಲೂ ಅಲ್ಲ, ದುಡ್ಡಿಗೆ ಎಳೆಯುತ್ತಿದ್ದಾರೆ ಅಂತಲೂ ಅಲ್ಲ. ಕ್ಯಾಪ್ ವಿಷಯ ಸಂಜೆ ಬರೆಯುತ್ತೇನೆ, ಪೇಷಂಟ್ ಕಾಯುತ್ತಿದ್ದಾರೆ.

---

ಡೋಣಿ_ಹೊಲ | ಮಂಗಳವಾರ, ಸಂಜೆ 5:30

ಡಾಕ್ಟರ್ ಬರೆಯುವ ಮೊದಲು ನನ್ನದೊಂದು ಹೇಳಿಬಿಡುತ್ತೇನೆ. ವಿಜಯಪುರ ಜಿಲ್ಲೆ, ಒಕ್ಕಲುತನ. ನಾಲ್ಕು ವರ್ಷದ ಹಿಂದೆ ಇದೇ ಹಲ್ಲು, ಇದೇ ನೋವು. ಮೊದಲನೇ ಸಿಟ್ಟಿಂಗ್‌ನಲ್ಲಿ ನರ ತೆಗೆದು ಬಿಳಿ ಸಿಮೆಂಟ್ ಹಚ್ಚಿ ಕಳಿಸಿದರು. ಆ ರಾತ್ರಿ ಎಷ್ಟೋ ದಿನದ ಮೇಲೆ ನಿದ್ದೆ ಮಾಡಿದೆ. ಎಂಟು ದಿನಕ್ಕೆ ಬಾ ಅಂದಿದ್ದರು. ಕಡಲೆ ರಾಶಿ ಶುರುವಾಗಿತ್ತು, ಆಳು ಸಿಗುತ್ತಿರಲಿಲ್ಲ, ಹಲ್ಲು ನೋಯುತ್ತಿರಲಿಲ್ಲ. ಹೋಗಲಿಲ್ಲ. ಯುಗಾದಿ ಆಯಿತು, ಮದುವೆ ಸೀಸನ್ ಬಂತು. ಸಿಮೆಂಟ್ ಯಾವಾಗ ಉದುರಿತೋ ಗೊತ್ತಿಲ್ಲ. ಶ್ರಾವಣದಲ್ಲಿ ಹುರಿಗಡಲೆ ತಿನ್ನುವಾಗ ಟಕ್ ಅಂದಿತು. ಹಲ್ಲು ನಡುವೆ ಸೀಳಿ ಎರಡು ಹೋಳಾಗಿತ್ತು, ಸೀಳು ಬೇರಿನವರೆಗೂ ಹೋಗಿತ್ತು. ಕೀಳದೆ ಬೇರೆ ದಾರಿ ಇರಲಿಲ್ಲ.

ಡಾಕ್ಟರ್ ಮಾಡಿದ್ದರಲ್ಲಿ ತಪ್ಪಿರಲಿಲ್ಲ, ತಪ್ಪು ನನ್ನದು. ಈಗ ಆ ಕಡೆ ಜೋಳದ ರೊಟ್ಟಿ ಅಗಿಯಲು ಆಗುವುದಿಲ್ಲ. ಮೇಲಿನ ಹಲ್ಲು ಖಾಲಿ ಜಾಗಕ್ಕೆ ಇಳಿಯುತ್ತಿದೆ ಅಂತ ಹೇಳುತ್ತಿದ್ದಾರೆ. ತಂಗಿ, ನೋವು ಹೋಯಿತು ಅಂತ ಬಿಡಬೇಡಿ. ಇಷ್ಟು ಹೇಳಲೆಂದೇ ಬರೆದೆ.

---

ಬೇರು_ನಾಳ | ಮಂಗಳವಾರ, ರಾತ್ರಿ 9:20

ಡೋಣಿ ಹೊಲದ ಅಣ್ಣ ಬರೆದ ಮೇಲೆ ಕ್ಯಾಪ್ ಬಗ್ಗೆ ನಾನು ಹೇಳಬೇಕಾದ ಅರ್ಧ ಮುಗಿಯಿತು. ನನ್ನ ಕ್ಲಿನಿಕ್‌ನಲ್ಲಿ ನಾನು ಸೋಲುವುದು ಕಷ್ಟದ ನಾಳಗಳಿಗೆ ಕಡಿಮೆ, ಹೀಗೆ ನಡುವೆ ಬಿಟ್ಟುಹೋದ ಹಲ್ಲುಗಳಿಗೇ ಜಾಸ್ತಿ. ಫೋನ್ ಮಾಡಿಸುತ್ತೇವೆ. "ನೋವಿಲ್ಲ ಡಾಕ್ಟ್ರೇ, ಮುಂದಿನ ವಾರ ಬರ್ತೀನಿ" ಅನ್ನುತ್ತಾರೆ. ಆರು ತಿಂಗಳಿಗೆ ಬರುತ್ತಾರೆ, ಮುರಿದ ಹಲ್ಲು ಹಿಡಿದುಕೊಂಡು. ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಹುಳುಕು ತಿಂದು, ನಾವು ಮೇಲಿನಿಂದ ತೆರೆದು, ಹಲ್ಲಿನ ಗೋಡೆ ತೆಳುವಾಗಿರುತ್ತದೆ. ದವಡೆ ಹಲ್ಲಿನ ಮೇಲೆ ಅಗಿಯುವ ಭಾರ ಬಹಳ. ಅದನ್ನು ಸುತ್ತ ಹಿಡಿದಿಡಲು ಕ್ಯಾಪ್, ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹೊಡೆದ ಹಾಗೆ. ಅಮೆರಿಕದಲ್ಲಿ ವಿಮೆ ದಾಖಲೆ ಹಿಡಿದು ರೂಟ್ ಕೆನಾಲ್ ಆದ 14 ಲಕ್ಷಕ್ಕೂ ಹೆಚ್ಚು ಹಲ್ಲುಗಳ ಲೆಕ್ಕ ನೋಡಿದ್ದರು. 2004ರಲ್ಲಿ ಅದು ಪ್ರಕಟವಾಯಿತು. 8 ವರ್ಷದ ಮೇಲೂ 100ಕ್ಕೆ 97 ಹಲ್ಲು ಬಾಯಲ್ಲೇ ಇದ್ದವು. ಕೀಳಬೇಕಾಗಿ ಬಂದ ಹಲ್ಲುಗಳಲ್ಲಿ 100ಕ್ಕೆ 85ಕ್ಕೆ ಪೂರ್ತಿ ಕ್ಯಾಪ್ ಇರಲಿಲ್ಲ. ಮುಂಭಾಗದ ಹಲ್ಲಿಗೆ, ಹೆಚ್ಚು ಮುರಿಯದೆ ಇದ್ದರೆ, ಎಷ್ಟೋ ಸಲ ಒಳ್ಳೆಯ ಫಿಲ್ಲಿಂಗ್ ಸಾಕು. ದವಡೆ ಹಲ್ಲಿಗೆ ಹಾಕಿಸಿ. ತಿಂಗಳುಗಟ್ಟಲೆ ಮುಂದೂಡಬೇಡಿ.

ಹಲ್ಲು ಕೀಳಿಸಿದರೆ ಕಣ್ಣು ಹೋಗುವುದಿಲ್ಲ, ಮಾವನವರಿಗೆ ಧೈರ್ಯ ಹೇಳಿ. ಹಲ್ಲಿನ ನರ ಬೇರೆ, ದೃಷ್ಟಿಯ ನರ ಬೇರೆ. ಹಾಗಂತ ಉಳಿಸಬಹುದಾದ ಹಲ್ಲನ್ನು ಕೀಳಿಸಬೇಡಿ. ಒಂದು ಹಲ್ಲು ಹೋದರೆ ಪಕ್ಕದವು ವಾಲುತ್ತವೆ. ಆ ಜಾಗಕ್ಕೆ ಇಂಪ್ಲಾಂಟ್ (ಮೂಳೆಯಲ್ಲಿ ಕೂರಿಸುವ ಕೃತಕ ಹಲ್ಲು) ಅಥವಾ ಬ್ರಿಡ್ಜ್ (ಪಕ್ಕದ ಹಲ್ಲುಗಳ ಆಸರೆಯಲ್ಲಿ ಕೂರಿಸುವ ಹಲ್ಲು) ಹಾಕಿಸುವ ಖರ್ಚು ಸಾಮಾನ್ಯವಾಗಿ ಇದಕ್ಕಿಂತ ಜಾಸ್ತಿಯೇ.

---

ಕುಕ್ಕರಹಳ್ಳಿ_ಕೆರೆ | ಬುಧವಾರ, ಬೆಳಿಗ್ಗೆ 8:10

ಖರ್ಚಿನ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ. ನನಗೆ ಕಳೆದ ವರ್ಷ ಮೈಸೂರಿನಲ್ಲಿ ರೂಟ್ ಕೆನಾಲ್‌ಗೆ 4,500, ಕ್ಯಾಪ್‌ಗೆ 6,000 ಆಯಿತು. ಮೊದಲ ದಿನ ಬರೀ 4,500 ಹೇಳಿದ್ದರು, ಕ್ಯಾಪ್ ಬೇರೆ ಅಂತ ಆಮೇಲೆ ಗೊತ್ತಾಯಿತು. ಎಕ್ಸ್-ರೇ, ಫಿಲ್ಲಿಂಗ್, ಕ್ಯಾಪ್ ಎಲ್ಲ ಸೇರಿ ಎಷ್ಟು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ.

ಅಷ್ಟು ಕಷ್ಟ ಆದರೆ ಡೆಂಟಲ್ ಕಾಲೇಜಿಗೆ ಹೋಗಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಸರ್ಕಾರಿ ಡೆಂಟಲ್ ಕಾಲೇಜು ಇದೆ. ದಾವಣಗೆರೆ, ಧಾರವಾಡ, ಮೈಸೂರು, ಮಂಗಳೂರು, ಮಣಿಪಾಲದಲ್ಲೂ ಡೆಂಟಲ್ ಕಾಲೇಜುಗಳಿವೆ. ನಮ್ಮ ಅಕ್ಕನಿಗೆ ಪಿಜಿ ವಿದ್ಯಾರ್ಥಿನಿ ಮಾಡಿದ್ದು. ಪ್ರತಿ ಹಂತಕ್ಕೂ ಪ್ರೊಫೆಸರ್ ಬಂದು ನೋಡಿ ಸರಿ ಅಂದ ಮೇಲೇ ಮುಂದಕ್ಕೆ. ಐದು ಸಲ ಓಡಾಡಿದರು, ಆದರೆ ಕೆಲಸ ಬಹಳ ಅಚ್ಚುಕಟ್ಟು, ಖರ್ಚೂ ಕಡಿಮೆ.

---

ಅಡಿಕೆತೋಟ | ಬುಧವಾರ, ಬೆಳಿಗ್ಗೆ 8:45

ಕ್ಯಾಪ್‌ನಲ್ಲಿ ಯಾವುದು ಒಳ್ಳೆಯದು ಡಾಕ್ಟ್ರೇ? ನನಗೆ ಬರೀ ಲೋಹದ್ದು ಹಾಕಿದ್ದಾರೆ.

---

ಬೇರು_ನಾಳ | ಬುಧವಾರ, ಮಧ್ಯಾಹ್ನ 1:30

ಹಿಂದಿನ ಹಲ್ಲಿಗೆ ಲೋಹದ್ದು ಗಟ್ಟಿ, ಅಗ್ಗ, ಹಲ್ಲನ್ನು ಕಡಿಮೆ ಉಜ್ಜಿದರೆ ಸಾಕು. ಏನೂ ಕೊರತೆ ಇಲ್ಲ. ನಕ್ಕರೆ ಕಾಣುವ ಜಾಗಕ್ಕೆ ಲೋಹದ ಮೇಲೆ ಸೆರಾಮಿಕ್ ಹಚ್ಚಿದ್ದು, ಇಲ್ಲವೇ ಝಿರ್ಕೋನಿಯಾ ಅನ್ನುವ ಗಟ್ಟಿ ಬಿಳಿ ವಸ್ತುವಿನದು. ದುಡ್ಡು ಇಲ್ಲ ಅಂತ ಕ್ಯಾಪನ್ನೇ ಬಿಡುವುದಕ್ಕಿಂತ ಲೋಹದ್ದು ಹಾಕಿಸಿಕೊಳ್ಳಿ ಅಂತಲೇ ನಾನು ಎಲ್ಲರಿಗೂ ಹೇಳುತ್ತೇನೆ.

---

ನಂದಿನಿ_ಹೊಳೆ | ಬುಧವಾರ, ರಾತ್ರಿ 8:00

ನಮ್ಮ ಫ್ಯಾಮಿಲಿ ಗ್ರೂಪ್‌ನಲ್ಲಿ ಒಂದು ಮೆಸೇಜ್ ಬಂದಿದೆ. ರೂಟ್ ಕೆನಾಲ್ ಮಾಡಿದ ಸತ್ತ ಹಲ್ಲಿನಿಂದ ವಿಷ ರಕ್ತಕ್ಕೆ ಸೇರಿ ಕ್ಯಾನ್ಸರ್, ಹೃದಯದ ಕಾಯಿಲೆ ಬರುತ್ತದಂತೆ. ಓದಿ ಅತ್ತೆ ಹೆದರಿ ತಮ್ಮ ಅಪಾಯಿಂಟ್‌ಮೆಂಟ್ ಬಿಟ್ಟಿದ್ದಾರೆ. ನಿಜವಾ?

---

ಬೇರು_ನಾಳ | ಬುಧವಾರ, ರಾತ್ರಿ 9:50

ಇಲ್ಲ. ಈ ಮಾತು ನೂರು ವರ್ಷ ಹಳೆಯದು. ವೆಸ್ಟನ್ ಪ್ರೈಸ್ ಅನ್ನುವ ಅಮೆರಿಕದ ದಂತ ವೈದ್ಯರು 1920ರ ದಶಕದಲ್ಲಿ ಮೊಲಗಳ ಮೇಲೆ ಪ್ರಯೋಗ ಮಾಡಿ ಹಾಗೆ ಹೇಳಿದ್ದರು. ರೋಗಿಯ ಬಾಯಿಂದ ತೆಗೆದ ಹಲ್ಲನ್ನು ಮೊಲದ ಚರ್ಮದಡಿ ಇಡುತ್ತಿದ್ದರು. ಸರಿಯಾದ ಹೋಲಿಕೆ ಇರಲಿಲ್ಲ, ಸ್ವಚ್ಛತೆಯೂ ಸಾಲದು. ಬೇರೆಯವರು ಎಚ್ಚರಿಕೆಯಿಂದ ಮಾಡಿದಾಗ ಆ ಫಲಿತಾಂಶ ಬರಲಿಲ್ಲ. ಅಷ್ಟರಲ್ಲಿ ಎಷ್ಟೋ ಜನ ಒಳ್ಳೆಯ ಹಲ್ಲುಗಳನ್ನೇ ಕೀಳಿಸಿಕೊಂಡಿದ್ದರು. ಅತ್ತೆಯವರಿಗೆ ಹೇಳಿ, ಸೋಂಕನ್ನು ಬಾಯಲ್ಲಿ ಬಿಡುವುದು ಅಪಾಯ. ತೆಗೆಯುವುದು ಅಪಾಯವಲ್ಲ. ದಯವಿಟ್ಟು ಅವರನ್ನು ಕರೆದುಕೊಂಡು ಹೋಗಿ.

---

ಭದ್ರೆಯ_ದಂಡೆ | ಗುರುವಾರ, ರಾತ್ರಿ 9:15

ಹೋಗಿ ಬಂದೆ! ಎಲ್ಲರಿಗೂ ತುಂಬ ತುಂಬ ಥ್ಯಾಂಕ್ಸ್.

ಮೊದಲ ಇಂಜೆಕ್ಷನ್ ಸಾಕಾಗಲಿಲ್ಲ. ಒಳಗೆ ಮುಟ್ಟಿದಾಗ ಝಳ್ ಅಂದಿತು. ಕೈ ಎತ್ತಿದೆ, ತಕ್ಷಣ ನಿಲ್ಲಿಸಿದರು. ಹಲ್ಲಿನ ಪಕ್ಕದಲ್ಲಿ ಇನ್ನೊಂದು ಕೊಟ್ಟರು. ಆಮೇಲೆ ಏನೂ ಗೊತ್ತಾಗಲಿಲ್ಲ. ಇಲ್ಲಿ ಓದದೇ ಹೋಗಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದೆ, ಮತ್ತೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ರಬ್ಬರ್ ಕೇಳಿದೆ. "ಹಾಕ್ತೀವಮ್ಮ, ಯಾರು ಹೇಳಿದ್ರು?" ಅಂತ ಖುಷಿಯಾಗಿ ಕೇಳಿದರು. ಬ್ಲೀಚಿಂಗ್ ವಾಸನೆಯೂ ಬಂತು, ಬೀಪ್ ಬೀಪ್ ಕೂಡ. ಮೂರು ನಾಳ ಇವೆಯಂತೆ. ಔಷಧಿ ಇಟ್ಟು ಮುಚ್ಚಿದ್ದಾರೆ, ಮುಂದಿನ ಗುರುವಾರ ಬರಲು ಹೇಳಿದ್ದಾರೆ.

ಈಗ ಅಗಿದರೆ ಸ್ವಲ್ಪ ನೋವು. ಆದರೆ ಆ ಸೆಳೆತ ಇಲ್ಲ. ಸಂಜೆ ಕಾಫಿ ಕುಡಿದೆ. ಹಾಗೇ ಹತ್ತು ನಿಮಿಷ ಕಾದು ಕೂತೆ, ನೋವು ಬರಲೇ ಇಲ್ಲ.

---

ಕೊಡಗಿನ_ಮಳೆ | ಶುಕ್ರವಾರ, ಬೆಳಿಗ್ಗೆ 10:20

ಡಾಕ್ಟರ್, ನಮ್ಮ ತಂದೆಗೆ 67. ಶುಗರ್ ಇದೆ, ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರಿಗೆ ರೂಟ್ ಕೆನಾಲ್ ಮಾಡಿಸಬಹುದಾ? ಮಾತ್ರೆ ನಿಲ್ಲಿಸಬೇಕಾ? ಇನ್ನೊಂದು, ನನ್ನ ತಂಗಿ ಐದು ತಿಂಗಳ ಗರ್ಭಿಣಿ, ಅವಳಿಗೂ ಹಲ್ಲು ನೋವು.

---

ಬೇರು_ನಾಳ | ಶುಕ್ರವಾರ, ಮಧ್ಯಾಹ್ನ 2:00

ತಂದೆಯವರ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಸ್ಟೆಂಟ್ ಇರುವವರು ಹಾಗೆ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯ. ರೂಟ್ ಕೆನಾಲ್‌ನಲ್ಲಿ ರಕ್ತ ಹೋಗುವುದು ಬಹಳ ಕಡಿಮೆ. ಅಂಥವರಿಗೆ ಕೀಳುವುದಕ್ಕಿಂತ ಇದೇ ಎಷ್ಟೋ ಸಲ ಸುರಕ್ಷಿತ. ಮಾತ್ರೆಗಳ ಚೀಟಿ ಪೂರ್ತಿ ತೋರಿಸಿ, ಹೃದಯದ ಡಾಕ್ಟರ್‌ಗೂ ಒಂದು ಮಾತು ಕೇಳಿ. ಶುಗರ್ ಇರುವವರು ಉಪವಾಸ ಹೋಗಬಾರದು. ತಿಂಡಿ ತಿಂದು, ಶುಗರ್ ಮಾತ್ರೆ ತೆಗೆದುಕೊಂಡು ಬೆಳಗಿನ ಹೊತ್ತು ಹೋಗಲಿ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಗಾಯ ಮಾಯುವುದು ನಿಧಾನ, ಇತ್ತೀಚಿನ ರಿಪೋರ್ಟ್ ಜೊತೆಗಿರಲಿ.

ತಂಗಿಗೆ ಇದು ಒಳ್ಳೆಯ ಸಮಯವೇ. ನಾಲ್ಕರಿಂದ ಆರು ತಿಂಗಳ ನಡುವೆ ಕೂರಲು ಅನುಕೂಲ. ಮರಗಟ್ಟಿಸುವ ಇಂಜೆಕ್ಷನ್ ಕೊಡಬಹುದು, ಬೇಕಾದರೆ ಒಂದು ಸಣ್ಣ ಎಕ್ಸ್-ರೇ ಕೂಡ ತೆಗೆಯಬಹುದು. ನೋವಿಗೆ ಪ್ಯಾರಾಸಿಟಮಾಲ್ ಮಾತ್ರ. 20 ವಾರ ದಾಟಿದ ಮೇಲೆ ಐಬುಪ್ರೊಫೇನ್ ಜಾತಿಯ ಮಾತ್ರೆ ಬೇಡ. ಹೆರಿಗೆ ಆಗಲಿ ಅಂತ ಸೋಂಕು ಇಟ್ಟುಕೊಂಡು ಕೂರುವುದು ಬೇಡವೇ ಬೇಡ.

---

ಸಾಗರದಾಚೆ_ಕನ್ನಡಿಗ | ಶನಿವಾರ, ಬೆಳಿಗ್ಗೆ 7:30

ನಾನು ಅಮೆರಿಕದಲ್ಲಿದ್ದೇನೆ. ಇಲ್ಲಿ ದವಡೆ ಹಲ್ಲಾದರೆ ಸಾಮಾನ್ಯ ಡೆಂಟಿಸ್ಟ್ ಸ್ಪೆಷಲಿಸ್ಟ್ ಹತ್ತಿರ ಕಳಿಸುತ್ತಾರೆ, ಖರ್ಚು ಹತ್ತು ಪಟ್ಟು. ಡಿಸೆಂಬರ್‌ನಲ್ಲಿ ಊರಿಗೆ ಬಂದಾಗ ಮಾಡಿಸೋಣ ಅಂತಿದ್ದೇನೆ. ಹತ್ತು ದಿನದಲ್ಲಿ ಕ್ಯಾಪ್ ಸಮೇತ ಮುಗಿಯುತ್ತದಾ?

---

ಬೇರು_ನಾಳ | ಶನಿವಾರ, ರಾತ್ರಿ 9:00

ಮುಗಿಯಬಹುದು, ಬಂದ ಮರುದಿನವೇ ಶುರು ಮಾಡಿದರೆ. ಕ್ಯಾಪ್ ಲ್ಯಾಬ್‌ನಿಂದ ಬರಲು ಕೆಲವು ದಿನ ಬೇಕು. ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ. ವಿಮಾನ ಹತ್ತುವ ಹಿಂದಿನ ದಿನ ನಾಳ ತುಂಬಿಸಿಕೊಂಡು ಹೋದರೆ, ಅಲ್ಲಿ ನೋವು ಬಂದರೆ ಯಾರನ್ನು ಕೇಳುತ್ತೀರಿ? ಈಗಲೇ ನೋವು, ಊತ ಇದ್ದರೆ ಡಿಸೆಂಬರ್‌ವರೆಗೆ ಕಾಯಬೇಡಿ. ಕಡೇಪಕ್ಷ ಅಲ್ಲೇ ಹಲ್ಲು ತೆರೆದು ಔಷಧಿ ಇಡಿಸಿಕೊಳ್ಳಿ.

---

ಭದ್ರೆಯ_ದಂಡೆ | ಮುಂದಿನ ಶುಕ್ರವಾರ, ರಾತ್ರಿ 11:30

ಡಾಕ್ಟ್ರೇ, ಸ್ವಲ್ಪ ಗಾಬರಿಯಾಗಿದೆ. ನಿನ್ನೆ ಎರಡನೇ ಸಿಟ್ಟಿಂಗ್ ಆಯಿತು. ನರ ತೆಗೆದಾಗಿದೆ ಅಂದ ಮೇಲೆ ನೋವು ಬರಬಾರದು ಅಲ್ವಾ? ಈಗ ಆ ಹಲ್ಲು ಎತ್ತರ ಆದ ಹಾಗಿದೆ. ಬಾಯಿ ಮುಚ್ಚಿದರೆ ಅದೇ ಮೊದಲು ತಾಗುತ್ತದೆ, ತಾಗಿದರೆ ಚಳಕ್ ಅನ್ನುತ್ತದೆ. ಊತ ಕಾಣುತ್ತಿಲ್ಲ. ಜ್ವರ ಇಲ್ಲ.

---

ಬೇರು_ನಾಳ | ಮುಂದಿನ ಶುಕ್ರವಾರ, ರಾತ್ರಿ 11:48

ಮೇಡಂ, ಗಾಬರಿ ಬೇಡ. ನರ ಹೋದರೂ ಬೇರಿನ ಸುತ್ತ ಮೂಳೆ ಇದೆ, ಹಲ್ಲನ್ನು ಮೂಳೆಗೆ ಕಟ್ಟಿದ ಎಳೆಗಳಿವೆ. ಅವುಗಳಿಗೆ ಜೀವ ಇದೆ. ತುದಿಯವರೆಗೆ ಕೆಲಸ ಮಾಡಿದ್ದಕ್ಕೆ ಅವು ನೊಂದಿವೆ. ಎರಡು ಮೂರು ದಿನ ಹೀಗಿರುವುದು ಸಾಮಾನ್ಯ, ದಿನದಿಂದ ದಿನಕ್ಕೆ ಇಳಿಯಬೇಕು. ಹೊಟ್ಟೆ ಹುಣ್ಣು, ಆಸ್ತಮಾ, ಕಿಡ್ನಿ ತೊಂದರೆ ಇಲ್ಲದಿದ್ದರೆ ಊಟ ಆದ ಮೇಲೆ ಐಬುಪ್ರೊಫೇನ್ 400 ಸಾಮಾನ್ಯವಾಗಿ ಚೆನ್ನಾಗಿ ಕೆಲಸ ಮಾಡುತ್ತದೆ. ನಿಮ್ಮ ಡಾಕ್ಟರ್ ಬರೆದುಕೊಟ್ಟದ್ದು ಇದ್ದರೆ ಅದನ್ನೇ ತೆಗೆದುಕೊಳ್ಳಿ, ಎರಡನ್ನೂ ಸೇರಿಸಬೇಡಿ.

ಎತ್ತರ ಅನ್ನಿಸುವುದಕ್ಕೆ ಸಿಮೆಂಟ್ ಕೂಡ ಕಾರಣ ಇರಬಹುದು. ನಾಳೆ ಬೆಳಿಗ್ಗೆ ಫೋನ್ ಮಾಡಿ ಹೋಗಿ, ಸ್ವಲ್ಪ ಉಜ್ಜಿದರೆ ಐದು ನಿಮಿಷದಲ್ಲಿ ಹಗುರಾಗುತ್ತದೆ. ಕೆನ್ನೆಗೆ ಬಿಸಿ ಶಾಖ ಕೊಡಬೇಡಿ. ಲವಂಗದ ಎಣ್ಣೆ ಈಗ ಪ್ರಯೋಜನ ಇಲ್ಲ, ಒಸಡು ಸುಡುತ್ತದೆ ಅಷ್ಟೇ. ನೋವಿನ ಮಾತ್ರೆಯನ್ನು ಒಸಡಿನ ಹತ್ತಿರ ಇಟ್ಟುಕೊಳ್ಳುವ ಅಭ್ಯಾಸ ಕೆಲವರಿಗಿದೆ, ಅದೂ ಸುಡುತ್ತದೆ.

ಎಲ್ಲರೂ ಇದೊಂದನ್ನು ನೆನಪಿಡಿ. ದವಡೆಯ ಕೆಳಗೆ, ಕತ್ತಿನ ಕಡೆಗೆ ಊತ ಇಳಿಯುತ್ತಿದ್ದರೆ, ಜ್ವರ ಇದ್ದರೆ, ಬಾಯಿ ತೆರೆಯಲು ಆಗದಿದ್ದರೆ, ಎಂಜಲು ನುಂಗಲು ಅಥವಾ ಉಸಿರಾಡಲು ಕಷ್ಟ ಆದರೆ ಬೆಳಗಾಗಲಿ ಅಂತ ಕಾಯಬೇಡಿ. ಕ್ಲಿನಿಕ್‌ಗೂ ಅಲ್ಲ, ನೇರವಾಗಿ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಹಲ್ಲಿನ ಸೋಂಕಿನಿಂದ ಪ್ರಾಣ ಹೋಗಬಹುದಾದ ಸಂದರ್ಭ ಅದು.

---

ರಾಗಿಮುದ್ದೆ_ತುಮಕೂರು | ಶನಿವಾರ, ಬೆಳಿಗ್ಗೆ 7:15

ನನ್ನ ಇನ್ನೊಂದು ಹಲ್ಲಿನಲ್ಲಿ ಫೈಲ್ ತುಂಡು ಮುರಿದು ಉಳಿದಿದೆ. ಆ ಕ್ಲಿನಿಕ್‌ನವರು ನನಗೆ ಹೇಳಲೇ ಇಲ್ಲ. ಬೇರೆ ಕಡೆ ಎಕ್ಸ್-ರೇ ತೆಗೆದಾಗ ಗೊತ್ತಾಯಿತು. ಐದು ವರ್ಷ ಆಯಿತು, ತೊಂದರೆ ಏನಿಲ್ಲ. ಆದರೆ ಮುಚ್ಚಿಟ್ಟಿದ್ದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

---

ಬೇರು_ನಾಳ | ಶನಿವಾರ, ಮಧ್ಯಾಹ್ನ 3:40

ಚುಚ್ಚಬೇಕಾದದ್ದೇ. ಅಷ್ಟು ಸಣ್ಣ ಅರ ವಕ್ರ ನಾಳದಲ್ಲಿ ತಿರುಗುವಾಗ ಒಮ್ಮೊಮ್ಮೆ ಮುರಿಯುತ್ತದೆ. ಎಷ್ಟೇ ಅನುಭವ ಇದ್ದರೂ ಮುರಿಯುತ್ತದೆ, ನನ್ನ ಕೈಯಲ್ಲೂ ಮುರಿದಿದೆ. ನಾಳ ಶುಚಿಯಾದ ಮೇಲೆ ಮುರಿದಿದ್ದರೆ ಹಲ್ಲು ಹಾಗೇ ವರ್ಷಗಟ್ಟಲೆ ಚೆನ್ನಾಗಿರಬಹುದು. ಮುರಿದದ್ದು ಅಪಘಾತ. ಹೇಳದೇ ಇದ್ದದ್ದು ತಪ್ಪು. ಪ್ರತಿಯೊಬ್ಬರೂ ಚಿಕಿತ್ಸೆ ಮುಗಿದ ಮೇಲೆ ಕೊನೆಯ ಎಕ್ಸ್-ರೇ ಪ್ರತಿ ಕೇಳಿ ತೆಗೆದುಕೊಳ್ಳಿ. ಫೋನ್‌ನಲ್ಲಿ ಫೋಟೋ ಆದರೂ ಸಾಕು. ಬಿಳಿ ಗೆರೆ ಬೇರಿನ ತುದಿಯ ಹತ್ತಿರದವರೆಗೆ ಬಂದಿದೆಯಾ ಅಂತ ತೋರಿಸಿ ಕೇಳಿ.

ಎಲ್ಲ ರೂಟ್ ಕೆನಾಲ್ ಗೆಲ್ಲುವುದಿಲ್ಲ. ಒಂದು ನಾಳ ಕಣ್ಣಿಗೆ ಬೀಳದೇ ಉಳಿದಿರಬಹುದು. ಮೇಲಿನ ದವಡೆ ಹಲ್ಲಿನಲ್ಲಿ ನಾಲ್ಕನೇ ನಾಳ ಹೀಗೆ ತಪ್ಪಿಸಿಕೊಳ್ಳುವುದು ಜಾಸ್ತಿ. ಕ್ಯಾಪ್ ಸಡಿಲವಾಗಿ ಎಂಜಲು ಒಳಗೆ ಇಳಿಯಬಹುದು. ಆಗ ಹಳೆಯದನ್ನು ತೆಗೆದು ಮತ್ತೆ ಮಾಡುತ್ತೇವೆ, ಅಥವಾ ಒಸಡಿನ ಕಡೆಯಿಂದ ಬೇರಿನ ತುದಿಗೆ ಸಣ್ಣ ಆಪರೇಷನ್. ನರ ತೆಗೆದು ಕ್ಯಾಪ್ ಹಾಕಿದ ಹಲ್ಲಿಗೆ ಹುಳುಕಿನ ನೋವು ಗೊತ್ತಾಗುವುದಿಲ್ಲ, ಆದರೆ ಅಂಚಿನಲ್ಲಿ ಮತ್ತೆ ಹುಳುಕು ಬರಬಹುದು. ಬ್ರಷ್ ಬಿಡಬೇಡಿ.

---

ಭದ್ರೆಯ_ದಂಡೆ | ಮೂರು ವಾರದ ನಂತರ, ಭಾನುವಾರ, ಸಂಜೆ 6:20

ಎಲ್ಲರಿಗೂ ಹೇಳಬೇಕಿತ್ತು. ಆ ಶನಿವಾರ ಹೋಗಿ ಸಿಮೆಂಟ್ ಉಜ್ಜಿಸಿಕೊಂಡೆ, ಎರಡು ದಿನಕ್ಕೆ ನೋವು ಹೋಯಿತು. ಮೂರನೇ ಸಿಟ್ಟಿಂಗ್‌ನಲ್ಲಿ ನಾಳ ತುಂಬಿದರು, ಏನೂ ನೋವಾಗಲಿಲ್ಲ. ಎಕ್ಸ್-ರೇ ಫೋಟೋ ತೆಗೆದುಕೊಂಡೆ, ಮೂರು ಬಿಳಿ ಗೆರೆ ಕಾಣುತ್ತವೆ. ನಿನ್ನೆ ಕ್ಯಾಪ್ ಕೂಡ ಹಾಕಿದರು. ಡೋಣಿ ಹೊಲದ ಅಣ್ಣ, ನಡುವೆ ಶಾಲೆಯಲ್ಲಿ ಪರೀಕ್ಷೆ ಬಂದು ಮುಂದೂಡೋಣ ಅನ್ನಿಸಿತ್ತು. ನಿಮ್ಮ ಹುರಿಗಡಲೆ ನೆನಪಾಗಿ ರಜೆ ಹಾಕಿ ಹೋದೆ. ಆರು ತಿಂಗಳಿಗೆ ಮತ್ತೆ ಎಕ್ಸ್-ರೇ ತೆಗೆದು ನೋಡೋಣ ಅಂದಿದ್ದಾರೆ.

ಇನ್ನೊಂದು ವಿಷಯ. ಡಾಕ್ಟರ್ ಬರೆದ ಒಸಡಿನ ಗುಳ್ಳೆಯ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. ಸುಮ್ನೆ ಕೇಳುತ್ತಿದ್ದವರು ನಿಧಾನವಾಗಿ ತುಟಿ ಎತ್ತಿ ತೋರಿಸಿದರು. ಮೇಲಿನ ಎಡಗಡೆ ಹಲ್ಲಿನ ಮೇಲೆ ಅಂಥದ್ದೇ ಗುಳ್ಳೆ. ಒಂದು ವರ್ಷದಿಂದ ಬಂದು ಹೋಗುತ್ತಿದೆಯಂತೆ, ನೋವಿಲ್ಲ ಅಂತ ಹೇಳಿರಲಿಲ್ಲ. ಶುಕ್ರವಾರ ಹನ್ನೊಂದು ಗಂಟೆಗೆ ಕರೆದುಕೊಂಡು ಹೋಗುತ್ತಿದ್ದೇನೆ.

---

ಡೋಣಿ_ಹೊಲ | ಭಾನುವಾರ, ರಾತ್ರಿ 8:05

ಬಹಳ ಸಂತೋಷ ಆಯಿತು ತಂಗಿ. ಅವ್ವಗೂ ಪೂರ್ತಿ ಮಾಡಿಸಿ.

---

ಬೇರು_ನಾಳ | ಭಾನುವಾರ, ರಾತ್ರಿ 9:30

ಅಮ್ಮನಿಗೆ ಆ ಗುಳ್ಳೆ ಒತ್ತಿ ಒಡೆಯಬೇಡಿ ಅಂತ ಹೇಳಿ. ಶುಗರ್, ಬಿಪಿ ಮಾತ್ರೆ ಇದ್ದರೆ ಚೀಟಿ ಮರೆಯಬೇಡಿ. ಎಕ್ಸ್-ರೇಯಲ್ಲಿ ಏನು ಕಂಡಿತು ಅಂತ ಇಲ್ಲಿ ಬರೆಯಿರಿ, ನೋಡುತ್ತಿರುತ್ತೇನೆ.